ಹಂಡೆ ಒಲಿ ಕಟ್ಟಿಗಿ ಭಾಳ ತಿಂತೈತಿ: ಒಡೆದು ಕಟ್ಟಬೇಕಾ, ಇದ್ದದ್ದನ್ನ ತಿದ್ದಬಹುದಾ?

ಬಚ್ಚಲಮನಿ_ಕುಷ್ಟಗಿ

ಬಚ್ಚಲ ಮನಿ ಹಂಡೆ ಒಲಿ ಸುಧಾರಿಸಬೇಕಾಗೇತಿ. ಅಳತಿ ಎಲ್ಲಾ ಬರದೀನಿ, ತಿಳದವರು ಹೇಳ್ರಿ.

ತಾಮ್ರದ ಹಂಡೆ, ಹೊಟ್ಟಿ ಅಡ್ಡಳತಿ 20 ಇಂಚು, 60 ಲೀಟರ್ ನೀರು ಹಿಡಿತೈತಿ. ಒಲಿ ಬಾಯಿ ಹಿತ್ತಲ ಕಡೆ, 12 ಇಂಚು ಅಗಲ, 14 ಇಂಚು ಎತ್ತರ. ಸುತ್ತ ಸೈಜುಗಲ್ಲಿನ ಕಟ್ಟಡ, ಸಿಮೆಂಟ್ ಗಿಲಾವು. ಹಂಡೆ ಮೂರು ಗುಂಡಿನ ಮ್ಯಾಲೆ ಕುಂತೈತಿ, ಹಂಡೆಗೂ ಗ್ವಾಡಿಗೂ ನಡುವ 3ರಿಂದ 4 ಇಂಚು ಸಂದಿ. ಜಾಳಿಗಿ ಇಲ್ಲ, ಕಟ್ಟಿಗಿ ನೆಲದ ಮ್ಯಾಲೆ ಉರಿತಾವು. ಹೊಗಿಗೆ ಬ್ಯಾರೆ ದಾರಿ ಇಲ್ಲ, ಅರ್ಧ ಬಾಯಿಂದ ಹೊರಗ, ಅರ್ಧ ಸಂದಿಯಿಂದ ಬಚ್ಚಲದೊಳಗ. ಚಳಿಗಾಲದಾಗ ಒಂದು ಹಂಡೆ ಕಾಯಾಕ ಬಳ್ಳಾರಿ ಜಾಲಿ 6–7 ಕೆಜಿ, ಒಂದೂಕಾಲು ತಾಸು.

ಪ್ರಶ್ನೆ ಇಷ್ಟ: 4 ಇಂಚಿನ ಹೊಗಿ ಪೈಪ್ ಹಾಕಿದ್ರ ಕಟ್ಟಿಗಿ ಉಳಿತೈತಾ? ಗೀಸರ್ ಹಾಕ್ರಿ, ಸೋಲಾರ್ ಹಾಕ್ರಿ ಅನ್ನೋ ಉತ್ತರ ಬ್ಯಾಡ್ರಿ. ಹೊಲದ ಬದುವಿನಾಗ ಕಟ್ಟಿಗಿ ಬೇಕಾದಷ್ಟು ಐತಿ, ಕಡಿಯೋ ಕೈ ಇಲ್ಲ.

ಬಾಯ್ಲರ್_ಶಕ್ತಿನಗರ

ಪೈಪ್ ಒಂದನ್ನೇ ಹಾಕಿದರೆ ಹೊಗೆ ಹೋಗುತ್ತದೆ, ಕಟ್ಟಿಗೆ ಉಳಿಯುವುದಿಲ್ಲ. 3–4 ಇಂಚಿನ ಸಂದಿಯನ್ನು ಹಾಗೇ ಬಿಟ್ಟು ಪೈಪ್ ಹಾಕಿದರೆ ಕಟ್ಟಿಗೆ ಈಗಿನದಕ್ಕಿಂತ ಹೆಚ್ಚು ಹೋದರೂ ಹೋದೀತು. ಪೈಪ್ ಎಳೆಯುವ ರಭಸಕ್ಕೆ ಬಿಸಿಗಾಳಿ ಹಂಡೆಯನ್ನು ಸವರದೆ ಸೀದಾ ಹೊರಗೆ ನುಗ್ಗುತ್ತದೆ.

ಲೆಕ್ಕ ನೋಡಿ. 60 ಲೀಟರ್ ನೀರನ್ನು 22 ಡಿಗ್ರಿಯಿಂದ 62ಕ್ಕೆ ಏರಿಸಲು 60 × 40 = 2400 ಕಿಲೋಕ್ಯಾಲರಿ ಬೇಕು. ಚೆನ್ನಾಗಿ ಒಣಗಿದ ಜಾಲಿ ಕೆಜಿಗೆ ಸುಮಾರು 3700 ಕೊಡುತ್ತದೆ. ಒಂದಿಷ್ಟೂ ಪೋಲಾಗದಿದ್ದರೆ 650 ಗ್ರಾಂ ಕಟ್ಟಿಗೆ ಸಾಕಿತ್ತು. ನಿಮಗೆ ಆರೂವರೆ ಕೆಜಿ ಹೋಗುತ್ತಿದೆ, ಅಂದರೆ ನೂರರಲ್ಲಿ ಹತ್ತು ಪಾಲು ಮಾತ್ರ ನೀರಿಗೆ. ಮೂರು ಕಲ್ಲಿನ ತೆರೆದ ಒಲೆಗೆ ಇದು ಮಾಮೂಲು. ಹತ್ತನ್ನು ಮೂವತ್ತಕ್ಕೆ ತಂದರೆ 2.2 ಕೆಜಿ. ಅದು ಸಾಧ್ಯ. ಅದಕ್ಕಿಂತ ಹೆಚ್ಚು ಉಳಿಸಿಕೊಡುತ್ತೇನೆ ಅನ್ನುವವರ ಮಾತಿಗೆ ಸ್ವಲ್ಪ ಉಪ್ಪು ಖಾರ ಬಿದ್ದಿದೆ ಅಂತ ತಿಳಿಯಿರಿ.

ಉಳಿದ 90 ಪಾಲು ಎಲ್ಲಿ ಹೋಗುತ್ತಿದೆ? ದೊಡ್ಡ ಪಾಲು ಹಂಡೆಯನ್ನು ಮುಟ್ಟದೆ ಹೋಗುವ ಬಿಸಿಗಾಳಿ. ಆಮೇಲೆ 12 × 14 ಇಂಚಿನ ಬಾಯಿಂದ ಒಳಗೆ ಬರುವ ಬೇಡದ ತಣ್ಣನೆ ಗಾಳಿ. ಅದನ್ನು ಬಿಸಿ ಮಾಡಿ ಹೊರಗೆ ಕಳಿಸುವ ಖರ್ಚೂ ನಿಮ್ಮದೇ. ಆಮೇಲೆ ಸೈಜುಗಲ್ಲು ಕುಡಿಯುವ ಶಾಖ. ಕೊನೆಗೆ ಹೊಗೆ, ಅದೂ ಉರಿಯದೆ ಉಳಿದ ಕಟ್ಟಿಗೆಯೇ.

ಆದ್ದರಿಂದ ಕೆಲಸದ ಸರದಿ: ಮೊದಲು ಸಂದಿ, ನಂತರ ಬಾಯಿ ಮತ್ತು ಜಾಳಿಗೆ, ಪೈಪ್ ಕೊನೆಗೆ.

ಬಚ್ಚಲಮನಿ_ಕುಷ್ಟಗಿ

ಸಂದಿ ಎಷ್ಟು ಇರಬೇಕ್ರಿ ಸರ್? ಪೂರಾ ಮುಚ್ಚಿದ್ರ ಉರಿ ಸತ್ತು ಹೊಗಿ ಬಾಯಿಗೆ ಬರತೈತಿ.

ಬಾಯ್ಲರ್_ಶಕ್ತಿನಗರ

ಅಂದಾಜಿನ ಮೇಲೆ ಬೇಡ, ಲೆಕ್ಕ ಸುಲಭವಿದೆ. ಉರಿ ಮೇಲೇಳುವ ಗಂಟಲು ಎಷ್ಟು ಚದರ ಇಂಚೋ, ಹಂಡೆಯ ಸುತ್ತಲ ಸಂದಿಯ ಒಟ್ಟು ವಿಸ್ತೀರ್ಣವೂ ಸುಮಾರು ಅಷ್ಟೇ ಇರಬೇಕು.

ಗಂಟಲು 5 × 5 ಇಂಚು ಮಾಡಿ: 25 ಚದರ ಇಂಚು. ಹಂಡೆಯ ಹೊಟ್ಟೆಯ ಸುತ್ತಳತೆ 63 ಇಂಚು. 25 ಭಾಗಿಸು 63 ಅಂದರೆ 0.4 ಇಂಚು, ಸುಮಾರು 10 ಮಿಲಿಮೀಟರ್. ಹಂಡೆಯ ತಳದ ಹತ್ತಿರ, 8 ಇಂಚಿನ ವೃತ್ತದಲ್ಲಿ, ಸುತ್ತಳತೆ 25 ಇಂಚು. ಅಲ್ಲಿ ಸಂದಿ 1 ಇಂಚು. ತಳದಲ್ಲಿ 1 ಇಂಚಿನಿಂದ ಶುರುವಾಗಿ ಹೊಟ್ಟೆಗೆ ಬರುವಾಗ ಅರ್ಧ ಇಂಚಿಗೆ ಕಿರಿದಾಗುತ್ತ ಹೋಗಬೇಕು. 10 ಮಿಲಿ ಎಂದು ಲೆಕ್ಕ ಹೇಳಿದರೂ 12 ಇಟ್ಟುಕೊಳ್ಳಿ. ಮಸಿ ಕೂತಮೇಲೆ ಒಂದೆರಡು ಮಿಲಿ ತಾನೇ ಕಡಿಮೆಯಾಗುತ್ತದೆ.

ಬಿಸಿಗಾಳಿ ಕಿರಿದಾದ ದಾರಿಯಲ್ಲಿ ಹಂಡೆಗೆ ಉಜ್ಜಿಕೊಂಡು ಹೋದರೆ ಶಾಖ ಬಿಡುತ್ತದೆ, ಅಗಲವಾದ ದಾರಿಯಲ್ಲಿ ನಡುವಿನಿಂದ ತೇಲಿಹೋಗುತ್ತದೆ. ವಿಷಯ ಇಷ್ಟೇ.

ಗಾರೆಕೆಲಸ_ಸಿಂಧನೂರು

ಸರ್ ಹೇಳಿದ್ದು ಬರೋಬ್ಬರಿ ಐತ್ರಿ. ಆದ್ರ ಅರ್ಧ ಇಂಚು, ಅಂದ್ರ ನಾಲ್ಕು ನೂಲು, ಸುತ್ತಲೂ ಸಮ ಬರಂಗ ಕೈಲೆ ಮೆತ್ತಾಕ ಆಗಂಗಿಲ್ಲ. ಅದಕ್ಕ ಒಂದು ಉಪಾಯ ಐತಿ. ಹಂಡೆಗೆ ಒದ್ದಿ ಗೋಣಿಚೀಲ ಎರಡು ಸುತ್ತು ಬಿಗಿಯಾಗಿ ಸುತ್ತಿ ಸುತ್ಲಿಲೆ ಕಟ್ರಿ, ಮ್ಯಾಲೆ ಹಳೆ ಪೇಪರ್ ಒದ್ದಿ ಮಾಡಿ ಅಂಟಿಸ್ರಿ. ದಪ್ಪ ಅರ್ಧ ಇಂಚು ಬಂತಾ ಅಂತ ಅಳೀರಿ, ತಳಕ್ಕ ಇನ್ನೆರಡು ಮಡಿಕಿ ಹೆಚ್ಚು ಹಾಕ್ರಿ. ಆ ಹಂಡೆ ಜಾಗಕ್ಕ ಇಟ್ಟು ಗ್ವಾಡಿಗೂ ಚೀಲಕ್ಕೂ ನಡುವ ಮಣ್ಣು ತುಂಬ್ರಿ. ಒಂದು ದಿನ ಬಿಟ್ಟು, ಮಣ್ಣು ಇನ್ನೂ ಹಸಿ ಇದ್ದಾಗ್ಲೇ ಹಂಡೆ ತಿರುವಿ ಎತ್ತಿರಿ. ಪೂರಾ ಒಣಗೋತನ ಬಿಟ್ರ ಚೀಲ ಕಚ್ಚಿಕೊಂಡು ಮಣ್ಣೆಲ್ಲಾ ಕಿತ್ತು ಬರತೈತಿ.

ಹೊಟ್ಟಿ ಮಟ್ಟಕ್ಕಿಂತ ಮ್ಯಾಲೆ ಗ್ವಾಡಿ ಒಳಗ ಬಾಗಿಸಬ್ಯಾಡ್ರಿ. ಬಾಗಿಸಿದ್ರ ಹಂಡೆ ಹೊರಗ ಬರಂಗಿಲ್ಲ, ನೀರು ತುಂಬೋ ಹಬ್ಬಕ್ಕ ಒಲಿ ಒಡೀಬೇಕಾಕ್ಕೈತಿ. ಭಾಳ ಕಡೆ ಇದ ತಪ್ಪು ಮಾಡ್ತಾರ.

ಮಣ್ಣಿನ ಹದ: ಜರಡಿ ಹಿಡಿದ ಕೆಮ್ಮಣ್ಣು ಇಲ್ಲಾ ಹುತ್ತದ ಮಣ್ಣು 1 ಪಾಲು, ಉಸುಕು 2 ಪಾಲು, ಸಣ್ಣ ಹೊಟ್ಟು ಅರ್ಧ ಪಾಲು. ನೀರು ಹಾಕಿ ತುಳಿದು ಎರಡು ದಿನ ಕೊಳಿಯಾಕ ಬಿಡ್ರಿ. ಎರೆಮಣ್ಣು ಬ್ಯಾಡೇ ಬ್ಯಾಡ, ಒಣಗಿದ್ರ ಹೊಲದಾಗಿನ ಬಿರುಕು ಒಲ್ಯಾಗೂ ಬರತಾವು. ಉರಿ ಬಡಿಯೋ ಜಾಗಕ್ಕ ಸಿಮೆಂಟ್ ಬ್ಯಾಡ. ಸಿಮೆಂಟ್ 400–500 ಡಿಗ್ರಿ ಕಂಡಮ್ಯಾಲೆ ಒಳಗಿನ ಕಟ್ಟು ಬಿಡತೈತಿ, ಆಮ್ಯಾಲೆ ತೇವ ಹಿಡಿದ್ರ ಪುಡಿ ಉದುರತೈತಿ.

ಸೈಜುಗಲ್ಲಿಗೂ ಅದ ಗತಿ. ನಮ್ಮ ಕಡೆ ಗ್ರಾನೈಟ್ ಕಲ್ಲು ಬೆಂಕಿ ಉರಿಗೆ ಚಕ್ಕಳ ಎದ್ದು ಸಿಡಿತೈತಿ. ಶಹಾಬಾದ್ ಫರ್ಸಿ, ಕಡಪ ಕಲ್ಲು ಸುಣ್ಣದ ಜಾತಿ, ಅವನ್ನೂ ಉರಿ ಒಳಗ ಇಡಬ್ಯಾಡ್ರಿ. ಒಲಿ ಮ್ಯಾಲಿನ ಕಟ್ಟಿ ಮ್ಯಾಲೆ ಹಾಸಾಕ ಅಡ್ಡಿ ಇಲ್ಲ.

ಕುಲುಮಿ_ಬಳ್ಳಾರಿ

ಒಳಗೆ ಬೆಂಕಿ ಇಟ್ಟಿಗೆ ಹಾಕಿಬಿಡಿ ಅಣ್ಣಾ, ರಗಳೆಯೇ ಇಲ್ಲ. ಬಳ್ಳಾರಿ, ಕೊಪ್ಪಳದ ಸುತ್ತ ಸ್ಪಾಂಜ್ ಐರನ್ ಫ್ಯಾಕ್ಟರಿಗಳು ಬೇಕಾದಷ್ಟಿವೆ. ಅಲ್ಲಿನ ಕಿಲ್ನ್ (ದೊಡ್ಡ ಕುಲುಮೆ) ಬಿಚ್ಚಿದಾಗ ಬರುವ ಹಳೇ ಇಟ್ಟಿಗೆ ಗುಜರಿಯಲ್ಲಿ ಸಿಗುತ್ತದೆ. ಬಡಿದು ನೋಡಿ ತಗೊಳ್ಳಿ: ಠಣ್ ಅಂದರೆ ಸರಿ, ಬೊದ್ ಅಂದರೆ ಒಳಗೆ ಸೀಳಿದೆ. ಒಂದು ಮುಖಕ್ಕೆ ಕಿಟ್ಟ ಅಂಟಿರುತ್ತದೆ, ಆ ಮುಖವನ್ನು ಹೊರಗೆ ತಿರುಗಿಸಿ ಕಟ್ಟಿ. ಇಡೀ ಒಲೆಗೆ 40 ಇಟ್ಟಿಗೆ ಆದರೆ ಜಬರದಸ್ತ್.

ಬಾಯ್ಲರ್_ಶಕ್ತಿನಗರ

ಇಲ್ಲಿ ನನ್ನ ತಕರಾರಿದೆ. ಬೆಂಕಿ ಇಟ್ಟಿಗೆ ಉರಿ ತಡೆಯುತ್ತದೆ, ಶಾಖ ತಡೆಯುವುದಿಲ್ಲ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಅರ್ಧ ಒಲೆಗಳು ಕೆಡುವುದು.

9 × 4½ × 3 ಇಂಚಿನ ಗಟ್ಟಿ ಇಟ್ಟಿಗೆ ಒಂದಕ್ಕೆ ಮೂರೂವರೆ ಕೆಜಿಗಿಂತ ಹೆಚ್ಚು ತೂಕ. 40 ಇಟ್ಟಿಗೆ ಅಂದರೆ 140 ಕೆಜಿ. ಇಟ್ಟಿಗೆ ಶಾಖ ಹಿಡಿಯುವುದು ನೀರಿನ ಕಾಲುಭಾಗಕ್ಕಿಂತ ತುಸು ಕಡಿಮೆ. ಈ ರಾಶಿ ಸರಾಸರಿ 70 ಡಿಗ್ರಿ ಬಿಸಿಯಾಗಲು 2200–2300 ಕಿಲೋಕ್ಯಾಲರಿ ಬೇಕು. ನಿಮ್ಮ 60 ಲೀಟರ್ ನೀರಿಗೆ ಬೇಕಾದದ್ದು 2400! ದಿನಕ್ಕೊಮ್ಮೆ ಒಂದು ತಾಸು ಉರಿಸುವ ಒಲೆಗೆ ಇಷ್ಟು ಭಾರ ಕಟ್ಟಿದರೆ, ನೀರಿಗೆ ಒಂದು ಹಂಡೆ ಕಟ್ಟಿಗೆ, ಗೋಡೆಗೆ ಒಂದು ಹಂಡೆ ಕಟ್ಟಿಗೆ.

ಮದುವೆ ಮನೆ, ಹಾಸ್ಟೆಲ್, ಬೆಳಗಿನಿಂದ ಹಂಡೆ ಮೇಲೆ ಹಂಡೆ ಕಾಯಿಸುವ ಕಡೆ ಭಾರದ ಗೋಡೆ ಸರಿ. ಒಮ್ಮೆ ಕಾದರೆ ದಿನವಿಡೀ ಕೊಡುತ್ತದೆ. ಐದಾರು ಜನರ ಮನೆಗೆ ಅಲ್ಲ.

ನಿಮಗೆ ಬೇಕಾದದ್ದು ಹೀಗೆ: ಉರಿ ಬಡಿಯುವ ಗಂಟಲಿಗೆ ಮಾತ್ರ ತೆಳು ಇಟ್ಟಿಗೆ, ಒಂದೂವರೆ ಇಂಚು ದಪ್ಪ ಸಾಕು. ಅದರ ಹಿಂದೆ 4 ಇಂಚು ಬೂದಿ. ಗಂಗಾವತಿ, ಕಾರಟಗಿ, ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಸುಟ್ಟ ಹೊಟ್ಟಿನ ಬೂದಿ ರಾಶಿ ಬಿದ್ದಿರುತ್ತದೆ. ಹಗುರ, ಉರಿಗೆ ಕರಗುವುದಿಲ್ಲ, ಶಾಖವನ್ನು ಹಿಂದೆ ಬಿಡುವುದಿಲ್ಲ.

ಹೊಟ್ಟಿನೊಲೆ_ಗಂಗಾವತಿ

ಬೂದಿ ತುಂಬೋರಿಗೆ ಎರಡು ಮಾತು. ಒಂದು, ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಜಾಸ್ತಿ. ಧೂಳು ಶ್ವಾಸಕ್ಕೆ ಹೋಗಬಾರದು, ಬಾಯಿ ಮೂಗು ಮುಚ್ಚುವ ಸರಿಯಾದ ಮಾಸ್ಕ್ ಹಾಕಿಕೊಂಡೇ ತುಂಬಿ, ಮೇಲೆ ಮಣ್ಣಿನಿಂದ ಮುಚ್ಚಿ. ಎರಡು, ಮಿಲ್ಲಿನ ಬೂದಿಗೆ ನೀರು ಹೊಡೆದು ಹೊರಗೆ ಹಾಕಿರ್ತಾರೆ. ಒಣಗಿಸದೆ ತುಂಬಿದರೆ ಆ ನೀರು ಆರೋತನಕ ಒಲೆ ಕಾಯೋದಿಲ್ಲ. ಬಿಸಿಲಲ್ಲಿ ತೆಳ್ಳಗೆ ಹರಡಿ ಎರಡು ದಿನ ಬಿಡಿ.

ಬೂದಿ ಕೂತು ಇಳಿಯುತ್ತೆ. ವರ್ಷಕ್ಕೊಮ್ಮೆ ಮೇಲಿಂದ ತುಂಬೋದಕ್ಕೆ ಒಂದು ಕಲ್ಲನ್ನ ಗಾರೆ ಹಾಕದೆ ಸುಮ್ಮನೆ ಮುಚ್ಚಿಟ್ಟಿರಿ.

ಕುಲುಮಿ_ಬಳ್ಳಾರಿ

ಸರ್, ಇಟ್ಟಿಗೆ ಲೆಕ್ಕ ಒಪ್ಪಿದೆ. ಗಂಟಲಿಗೆ ಮಾತ್ರ ಅಂದರೆ ಹನ್ನೆರಡು ಹದಿಮೂರು ಇಟ್ಟಿಗೆ ಕಟರ್‌ನಲ್ಲಿ ಸೀಳಿಸಿದರೆ ಮುಗೀತು.

ಜಾಳಿಗೆ ಹೇಳ್ತೀನಿ. 12 ಮಿಲಿ ಸರಳು, ಸರಳಿನಿಂದ ಸರಳಿಗೆ 10–12 ಮಿಲಿ ಬಿಡುವು. ಎರಡೂ ತುದಿ ವೆಲ್ಡ್ ಮಾಡಬೇಡಿ: ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಕಾದಾಗ ಸರಳು ಉದ್ದವಾಗುತ್ತೆ, ಎರಡೂ ಕಡೆ ಬಿಗಿದರೆ ನಡು ಬಿಲ್ಲಿನ ಹಾಗೆ ಬಗ್ಗುತ್ತೆ. ಗೋಡೆಯೊಳಗೂ ಹೂಳಬೇಡಿ, ಎರಡು ಇಟ್ಟಿಗೆ ತುಟಿ ಮೇಲೆ ಇಡಿ, ಸವೆದಾಗ ಎಳೆದು ಬದಲಿಸಬಹುದು. ಬೀಡು ಕಬ್ಬಿಣದ ಜಾಳಿಗೆ ಸಿಕ್ಕರೆ ಹೆಚ್ಚು ವರ್ಷ ಬಾಳುತ್ತೆ, ಆದರೆ ಕೆಂಪಗೆ ಕಾದಾಗ ನೀರು ಎರಚಿದರೆ ಎರಡು ಹೋಳು.

ಜಾಳಿಗೆ ಕೆಳಗೆ ಬೂದಿ ಗುಂಡಿ 4 ಇಂಚು ಆಳ, ಮುಂದೆ ತಗಡಿನ ಬಾಗಿಲು. ಗಾಳಿ ಈ ಬಾಗಿಲಿಂದಲೇ ಬರಬೇಕು. ಕಟ್ಟಿಗೆ ತೂರಿಸುವ ಬಾಯಿ ಬೇರೆ, 5 ಇಂಚು ಅಗಲ 5 ಇಂಚು ಎತ್ತರ, ಅದಕ್ಕೂ ಒಂದು ತಗಡು. ಕಟ್ಟಿಗೆ ಮೇಲಿಂದ ಹೋಗುವ ಗಾಳಿ ಉರಿಯನ್ನು ತಣ್ಣಗೆ ಮಾಡುತ್ತೆ, ಕೆಳಗಿಂದ ಕೆಂಡದ ಮೂಲಕ ಬರುವ ಗಾಳಿ ಉರಿಸುತ್ತೆ. ಉರಿ ಕಡಿಮೆ ಮಾಡಬೇಕಾ? ಬೂದಿ ಬಾಗಿಲು ಅರ್ಧ ಮುಚ್ಚಿ. ಪೈಪಿನೊಳಗೆ ಅಡ್ಡತಗಡು ಇಡೋದು ಬೇಡ; ಕೆಂಡ ಇದ್ದಾಗ ಯಾರಾದರೂ ಪೂರಾ ತಿರುಗಿಸಿದರೆ ವಿಷಗಾಳಿ ಬಚ್ಚಲಿಗೆ ಬರುತ್ತೆ.

ಈಗ ಪೈಪ್. ನಾಲ್ಕು ಇಂಚು ಸಾಲದು, ಆರು ಹಾಕಿ. ನಾಲ್ಕು ಇಂಚಿನ ಪೈಪಿನ ಬಾಯಿ 12½ ಚದರ ಇಂಚು, ಗಂಟಲು 25. ಅರ್ಧಕ್ಕೆ ಅರ್ಧ ಕತ್ತು ಹಿಸುಕಿದ ಹಾಗೆ.

ಬಾಯ್ಲರ್_ಶಕ್ತಿನಗರ

ಗಂಟಲಲ್ಲಿ ಗಾಳಿ 900 ಡಿಗ್ರಿ ಇರುತ್ತದೆ ಅಂತಿಟ್ಟುಕೊಳ್ಳಿ. ಹಂಡೆಗೆ ಶಾಖ ಕೊಟ್ಟು ಪೈಪಿಗೆ ಬರುವಾಗ 250. ತಣ್ಣಗಾದ ಗಾಳಿ ಕುಗ್ಗುತ್ತದೆ, ಆ ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆ ಜಾಗ ಸಾಕು. ಸಂದಿ ಸರಿಯಿದ್ದರೆ 4 ಇಂಚಿನ ಪೈಪ್ ಸಾಲುತ್ತದೆ, 10 ಅಡಿ ಎತ್ತರ ಇರಬೇಕು ಅಷ್ಟೆ. 4 ಇಂಚಿನಲ್ಲಿ ಎಳೆಯುತ್ತಿಲ್ಲ ಅಂದರೆ ಬಹಳ ಸಲ ಪೈಪಿನ ತಪ್ಪಲ್ಲ, ಶಾಖ ಹಂಡೆಗೆ ಇಳಿಯದೆ ಗಾಳಿ ಬಿಸಿಯಾಗೇ ಬಂತು ಎಂದರ್ಥ, ಇಲ್ಲವೇ ಮಸಿ ಕಟ್ಟಿದೆ.

ಪರೀಕ್ಷೆ ಹೀಗೆ: ಜೋರು ಉರಿ ಇದ್ದಾಗ ಪೈಪಿನ ಬುಡಕ್ಕೆ ಎರಡು ಹನಿ ನೀರು ಸಿಡಿಸಿ. ತಟ್ಟನೆ ಚೆಂಡಿನ ಹಾಗೆ ಕುಣಿದು ಹಾರಿದರೆ ಪೈಪ್ ಅತಿ ಬಿಸಿ, ಹಂಡೆಗೆ ಹೋಗಬೇಕಾದ ಶಾಖ ಆಕಾಶಕ್ಕೆ ಹೋಗುತ್ತಿದೆ. ಚುರ್ ಅಂತ ಕುದಿದು ಆರಿದರೆ ಸರಿ. ನೀರು ಹಾಗೇ ಇಳಿದು ಹೋದರೆ ಪೈಪ್ ತೀರಾ ತಣ್ಣಗಿದೆ, ಒಳಗೆ ಟಾರ್, ಅಂದರೆ ಹೊಗೆಯಿಂದ ಇಳಿಯುವ ಕಪ್ಪು ಅಂಟು, ಕಟ್ಟುತ್ತದೆ.

ಕುಲುಮಿ_ಬಳ್ಳಾರಿ

ಹಚ್ಚುವಾಗ? ತಣ್ಣನೆ ಪೈಪ್ ಎಳೆಯಲ್ಲ, ಮೊದಲ ಐದು ನಿಮಿಷ ಹೊಗೆ ಬಾಯಿಗೇ ಬರುತ್ತೆ. 5 ಇಂಚಿಗೆ ರಾಜಿ ಆಗೋಣ ಸರ್.

ಬಾಯ್ಲರ್_ಶಕ್ತಿನಗರ

ಐದಾದರೆ ನನ್ನ ತಕರಾರಿಲ್ಲ. ಹಚ್ಚುವ ಮೊದಲು ಪೈಪಿನ ಬುಡದ ಮುಚ್ಚಳ ತೆಗೆದು ಒಂದು ಹಾಳೆ ಪೇಪರ್ ಉರಿಸಿ. ಎಳೆತ ಶುರುವಾಗುತ್ತದೆ.

ಅಡಿಗಿಮನಿ_ಯಲಬುರ್ಗಾ

ಪೈಪ್ ಯಾವುದು ಅಂತ ಯಾರೂ ಬರೀಲಿಲ್ಲಲ್ರಿ. ಹಳ್ಳ್ಯಾಗ ಚಿಮಣಿ ಅಂದ್ರ ಒಬ್ಬರು ಚಿಮಣಿ ಎಣ್ಣಿ ಬುಡ್ಡಿ ಅಂತಾರ, ಇನ್ನೊಬ್ಬರು ಬೋರಿನ ಪಿವಿಸಿ ಪೈಪ್ ತಂದು ನಿಲ್ಲಸ್ತಾರ. ಪಿವಿಸಿ 80 ಡಿಗ್ರಿಗೇ ಮೆತ್ತಗಾಕ್ಕೈತಿ, ಸುಟ್ರ ವಿಷದ ಹೊಗಿ.

ಕುಲುಮಿ_ಬಳ್ಳಾರಿ

ಅಕ್ಕಾರು ಹೇಳಿದ್ದು ಸರಿ, ಬಿಟ್ಟುಹೋಗಿತ್ತು. ಬುಡದಿಂದ 3 ಅಡಿ ಕಪ್ಪು ಕಬ್ಬಿಣದ ಪೈಪ್, 2 ಮಿಲಿ ದಪ್ಪಕ್ಕಿಂತ ಕಡಿಮೆ ಬೇಡ. ಅದರ ಮೇಲೆ ಜಿಐ, ಅಂದರೆ ಸತುವು ಲೇಪಿಸಿದ ತಗಡಿನ ಪೈಪ್ ನಡೆಯುತ್ತೆ. ಜಿಐಯನ್ನು ಬುಡಕ್ಕೇ ಹಾಕಬಾರದು, ಸತುವು 420 ಡಿಗ್ರಿಗೆ ಕರಗುತ್ತೆ, ಅದರ ಹೊಗೆ ಕೆಟ್ಟದ್ದು. ಹಳೇ ಕಲ್ನಾರಿನ ಸಿಮೆಂಟ್ ಪೈಪ್ ಮೊದಲು ಸರ್ಕಾರಿ ಒಲೆಗಳಿಗೆಲ್ಲ ಹಾಕ್ತಿದ್ರು. ಈಗ ಅದನ್ನ ಕೊಯ್ಯಬೇಡಿ, ಧೂಳು ಪುಪ್ಪುಸಕ್ಕೆ ಅಪಾಯ. ಬಿಸಿಗೆ ಸೀಳುತ್ತೆ ಕೂಡ.

ಜೋಡಣೆಯಲ್ಲಿ ಎಲ್ಲರೂ ಉಲ್ಟಾ ಮಾಡೋದು ಒಂದಿದೆ. ಮೇಲಿನ ಪೈಪಿನ ಸಣ್ಣ ತುದಿ ಕೆಳಗಿನ ಪೈಪಿನ ಒಳಗೆ ಇಳಿಯಬೇಕು. ಹೊಗೆ ಸೋರುತ್ತೆ ಅಂತ ಹೆದರಿ ತಿರುವು ಮುರುವು ಹಾಕ್ತಾರೆ. ಹೊಗೆ ಸೋರಲ್ಲ, ಒಳಗೆ ಎಳೆತ ಇರುತ್ತೆ. ಸೋರೋದು ಟಾರ್: ಉಲ್ಟಾ ಹಾಕಿದರೆ ಕಪ್ಪು ನೀರು ಕೀಲಿನಿಂದ ಹೊರಗೆ ಇಳಿದು ಸುಣ್ಣದ ಗೋಡೆ ಹಾಳು.

ಬುಡದಲ್ಲಿ ಮೊಣಕೈ ತಿರುವು ಬೇಡ, ಟೀ (T ಆಕಾರದ ಮೂರು ಬಾಯಿಯ ಜೋಡಣೆ) ಹಾಕಿ ಕೆಳಗೆ ಮುಚ್ಚಳ ಕೊಡಿ. ಮಸಿ ಅಲ್ಲೇ ಬೀಳುತ್ತೆ, ತೆಗೆಯೋದು ಸುಲಭ. ನಡುವೆ ತಿರುವು ಬೇಕೇ ಬೇಕಾದರೆ 45 ಡಿಗ್ರಿಯದು. ಮಾಳಿಗೆಯ ಕಟ್ಟೆ 3 ಅಡಿ ಇದ್ದರೆ ಪೈಪ್ ಅದಕ್ಕಿಂತ 2 ಅಡಿ ಮೇಲಿರಲಿ, ಇಲ್ಲಾಂದ್ರೆ ಆಷಾಢದ ಗಾಳಿ ಕಟ್ಟೆ ಹಾರಿ ಪೈಪಿನೊಳಗೆ ಇಳಿಯುತ್ತೆ. ತುದಿಯ ಟೋಪಿಗೂ ಪೈಪಿಗೂ ನಡುವೆ ಕನಿಷ್ಠ ಎರಡೂವರೆ ಇಂಚು ಬಿಡುವು. ಆರ್‌ಸಿಸಿ ತೂತಿನಲ್ಲಿ ಪೈಪ್ ಸುತ್ತ 2 ಇಂಚು ಜಾಗ ಬಿಟ್ಟು ತಗಡಿನ ತೋಳು ಹಾಕಿ ಒಣ ಬೂದಿ ತುಂಬಿ. ಸಿಮೆಂಟ್ ಗಟ್ಟಿಯಾಗಿ ತುಂಬಿದರೆ ಪೈಪ್ ಹಿಗ್ಗಿದಾಗ ಸ್ಲ್ಯಾಬ್ ಬಿರುಕು ಬಿಟ್ಟು ಮಳೆಗಾಲದಲ್ಲಿ ಸೋರುತ್ತೆ.

ಪಕ್ಕದಲ್ಲಿ ಬಣವೆ ಇದ್ದರೆ ತುದಿಗೆ 6 ಮಿಲಿ ಕಣ್ಣಿನ ಬಲೆ. ಹತ್ತಿ ಕಟ್ಟಿಗೆ ಉರಿಸೋರಿಗೆ ಇದು ಕಡ್ಡಾಯ, ಕಿಡಿ ಹಗುರ. ಬಲೆಗೆ ಮಸಿ ಬೇಗ ಕಟ್ಟುತ್ತೆ, ತಿಂಗಳಿಗೊಮ್ಮೆ ತಟ್ಟಿ.

ಎರೆಹೊಲ_ಮಾನ್ವಿ

ಕಟ್ಟಿಗಿ ಬಗ್ಗೆ ಒಂದಿಷ್ಟು.

ಬಳ್ಳಾರಿ ಜಾಲಿ ಒಳ್ಳೆ ಉರುವಲು, ಗಟ್ಟಿ ಕೆಂಡ ಬೀಳತೈತಿ. ಆದ್ರ ಕಡಿದ ವಾರಕ್ಕ ಒಲಿಗೆ ಹಾಕಿದ್ರ ಒಳಗ ಭಾಳ ನೀರು ಇರತೈತಿ, ಆ ನೀರು ಆವಿ ಮಾಡಾಕ ಕಟ್ಟಿಗಿ ತನ್ನ ಶಾಖ ತಾನ ತಿಂತೈತಿ. ಸುಗ್ಗಿ ಮುಗಿದ ಮ್ಯಾಲೆ ಕಡಿದು ಮಾರ್ಚಿನಾಗ ಸೀಳಿ ಒಟ್ಟಿದ್ರ ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳು ಸಾಕು. ಬಳ್ಳಾರಿಗೆ ಎರಡ ಕಾಲ, ಬ್ಯಾಸಗಿ ಮತ್ತು ಕಡು ಬ್ಯಾಸಗಿ ಅಂತಾರಲ್ರಿ, ಅದು ಕಟ್ಟಿಗಿಗೆ ವರ. ಸೀಳದೆ ಇಡೀ ಬೊಡ್ಡಿ ಒಟ್ಟಿದ್ರ ಮ್ಯಾಲೆ ಒಣಗಿದಂಗ ಕಂಡು ಒಳಗ ಹಸಿ ಇರತೈತಿ. 5 ಇಂಚಿನ ಬಾಯಿಗೆ ಒಂದೂವರೆ ಇಂಚು ದಪ್ಪ, ಒಂದೂವರೆ ಅಡಿ ಉದ್ದ ಬರೋಬ್ಬರಿ.

ಒಣಗೇತೋ ಇಲ್ಲೋ ನೋಡಾಕ ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತಕ್ಕಡಿಗೆ ಇಡ್ರಿ. ತೂಕ ಇಳಿಯೋದು ನಿಂತ್ರ ಒಣಗೇತಿ. ಒಟ್ಟುವಾಗ ನೆಲಕ್ಕ ಎರಡು ಕಲ್ಲು ಹಾಕಿ ಎತ್ತರಿಸ್ರಿ. ಮ್ಯಾಲೆ ಅಷ್ಟ ತಾಡಪತ್ರಿ, ಬಾಜೂಕ ಗಾಳಿ ಆಡ್ಲಿ. ಸುತ್ತಲೂ ಮುಚ್ಚಿದ್ರ ಬೂಸ್ಟು ಬರತೈತಿ.

ಹತ್ತಿ ಕಟ್ಟಿಗಿ, ತೊಗರಿ ಕಟ್ಟಿಗಿ ತಟ್ಟನ ಹತ್ತಿ ತಟ್ಟನ ಆರತಾವು. ಹಚ್ಚಾಕ ಮತ್ತ ಮೊದಲ ಹತ್ತು ನಿಮಿಷಕ್ಕ ಅವು, ಆಮ್ಯಾಲೆ ಜಾಲಿ. ಹತ್ತಿ ಕಟ್ಟಿಗಿ ಮಾತ್ರ ಮುಂದಿನ ಬಿತ್ತನಿತನ ಒಟ್ಟಿ ಇಡಬ್ಯಾಡ್ರಿ. ಉಳಿದ ಕಾಯ್ಯಾಗ ಗುಲಾಬಿ ಕಾಯಿಕೊರಕದ ಹುಳ ಕುಂತಿರತೈತಿ, ಮಳಿ ಬಿದ್ದ ಕೂಡ್ಲೇ ಚಿಟ್ಟಿಯಾಗಿ ಹೊಸ ಬೆಳಿಗೆ ಹೋಕ್ಕೈತಿ. ಬ್ಯಾಸಗ್ಯಾಗ ಉರಿಸಿ ಮುಗಿಸ್ರಿ. ಮೆಣಸಿನ ಗಿಡ ಹಾಕೋದಾದ್ರ ಕಾಯಿ ಪೂರಾ ಬಿಡಿಸಿದ್ದು ನೋಡ್ಕೊಳ್ರಿ, ನಾಲ್ಕು ಕಾಯಿ ಉಳಿದ್ರೂ ಓಣಿಗೆ ಓಣಿನ ಕೆಮ್ಮತೈತಿ.

ಬಣ್ಣ ಹಚ್ಚಿದ ಹಲಗಿ, ಪ್ಲೈವುಡ್, ಟೈರ್ ತುಂಡು, ಎಣ್ಣಿ ಕುಡಿದ ರೈಲ್ವೆ ಸ್ಲೀಪರ್ ಹಾಕಬ್ಯಾಡ್ರಿ.

ಬಚ್ಚಲಮನಿ_ಕುಷ್ಟಗಿ

ಹೊಟ್ಟು ಉರಿಸೋ ಒಲಿ ಮಾಡಿದ್ರ ಹ್ಯಾಂಗ್ರಿ? ಗಂಗಾವತಿ ಕಡಿಂದ ಲೋಡ್ ತರಸಬಹುದು.

ಹೊಟ್ಟಿನೊಲೆ_ಗಂಗಾವತಿ

ನಿಮಗೆ ಬೇಡ. ಹೊಟ್ಟು ಕೆಜಿಗೆ 3000–3300 ಕಿಲೋಕ್ಯಾಲರಿ ಕೊಡುತ್ತೆ ನಿಜ, ಆದರೆ ಐದರಲ್ಲಿ ಒಂದು ಪಾಲು ಬೂದಿ. ಜಾಳಿಗೆ ಮೇಲೆ ಸುರಿದರೆ ಗಾಳಿ ದಾರಿ ಕಟ್ಟಿ ಬರೀ ಹೊಗೆ ಆಡುತ್ತೆ. ಅದಕ್ಕೆ ಬೇರೆಯದೇ ಒಲೆ ಬೇಕು, ನಡುವೆ ಪೈಪ್ ನಿಲ್ಲಿಸಿ ಸುತ್ತ ಗಿಡಿದು ಪೈಪ್ ಎಳೆಯೋದು. ಸುಮಾರು 100 ಕೆಜಿ ಹೊಟ್ಟಿಗೆ ಒಂದು ಘನ ಮೀಟರ್ ಜಾಗ. ಕುಷ್ಟಗಿಗೆ ತರೋದರಲ್ಲಿ ಬಾಡಿಗೆ ಜಾಸ್ತಿ, ಮಾಲು ಕಡಿಮೆ. ಮಿಲ್ಲಿನ ಪಕ್ಕದ ಊರಿಗಷ್ಟೇ ಅದು ಲಾಭ.

ಅಡಿಗಿಮನಿ_ಯಲಬುರ್ಗಾ

ಹಂಡೆ ಕೂಡೋ ಜಾಗದ ಮ್ಯಾಲಿನ ಸಂದಿ ಮುಚ್ಚೋದು ಹೇಳ್ತೀನಿ, ಅಲ್ಲೇ ಎಲ್ಲಾ ಸೋರೋದು. ಮಣ್ಣು ಮೆತ್ತಿದ್ರ ಹಂಡೆ ಅಳ್ಳಾಡಿದಾಗೊಮ್ಮೆ ಬಿರುಕು. ಅದಕ್ಕ ಉಸುಕಿನ ಮುಚ್ಚಿಗಿ ಮಾಡ್ರಿ. 2 ಮಿಲಿ ತಗಡಿನ ಬಳಿ ಎರಡು ಅರ್ಧ ಮಾಡಿಸಿ ಹಂಡೆ ಹೆಗಲಿಗೆ ಕೂಡಂಗ ಇಡ್ರಿ, ಸುತ್ತ ಒಂದು ಇಂಚು ಕಟ್ಟಿ ಎಬ್ಬಿಸಿ ಮ್ಯಾಲೆ ಜರಡಿ ಹಿಡಿದ ಉಸುಕು ಹಾಕ್ರಿ. ಹಬ್ಬಕ್ಕ ಹಂಡೆ ಎತ್ತುವಾಗ ಉಸುಕು ಬಳದು ಬಳಿ ತೆಗೆದ್ರ ಆತು, ಗಾರೆಯವರನ್ನ ಕರೆಯೋದಿಲ್ಲ.

ಹಬ್ಬಕ್ಕ ಹಂಡೆ ಉಜ್ಜುವಾಗ ತಳ ಫಳಫಳ ಮಾಡಬ್ಯಾಡ್ರಿ. ಸುಣ್ಣ, ಕೆಮ್ಮಣ್ಣು ಹಚ್ಚಿ ಪೂಜಿ ಮಾಡೋದು ಕತ್ತಿನ ಮ್ಯಾಲೆ ಇರ್ಲಿ. ತಳದ ತೆಳು ಕರಿ ಬಣ್ಣ ಉರಿ ಶಾಖ ಚಲೋ ಹೀರತೈತಿ. ಉದುರಿಸಬೇಕಾದ್ದು ದಪ್ಪಗ ಕಟ್ಟಿದ ಹಿಟ್ಟಿನಂಥ ಮಸಿ, ಅದು ಶಾಖ ತಡಿತೈತಿ. ಹದಿನೈದು ದಿನಕ್ಕೊಮ್ಮೆ ಮಸಿ ಕೆರೀರಿ.

ಇನ್ನ ಒಳಗ. ಬೋರ್ ನೀರಿಗೆ ಹಂಡೆ ತಳಕ್ಕ ಬಿಳಿ ಸುಣ್ಣದ ಪದರು ಕಟ್ಟತೈತಿ. ಹುಣಸಿಹಣ್ಣು ನೀರಾಗ ಕುದಿಸಿ ರಾತ್ರಿ ಬಿಟ್ಟು ಮುಂಜಾನೆ ತೆಂಗಿನ ನಾರಿನಿಂದ ತಿಕ್ಕಿದ್ರ ಬಿಡತೈತಿ. ನೀರು ಹೊಟ್ಟಿ ಮಟ್ಟಕ್ಕಿಂತ ಕೆಳಗಿದ್ದಾಗ ಉರಿ ಹಚ್ಚಬ್ಯಾಡ್ರಿ. ಈಗ ಉರಿ ಸುತ್ತಲೂ ಏರತೈತಿ, ನೀರಿಲ್ಲದ ಜಾಗಕ್ಕ ಬಡಿದ್ರ ಹಳೇ ಬೆಸುಗಿ ಬಿಟ್ಟು ಸೋರತೈತಿ. ತವರದ ಬೆಸುಗಿ 230 ಡಿಗ್ರಿಗೇ ಕರಗೋದು.

ಮುಚ್ಚಳ ಯಾವಾಗ್ಲೂ ಇರ್ಲಿ. ಮತ್ತ ಮಾಳಗಿ ಮ್ಯಾಲಿನ ಕರಿ ಟಾಕಿ ನೀರು ಸಂಜೀಕ ಹಂಡೆಗೆ ಬಿಟ್ಕೊಂಡ್ರ 35 ಡಿಗ್ರಿ ಇರತೈತಿ, ಮುಂಜಾನಿ 22 ಇರತೈತಿ. ಸಂಜೀಕ ಜಳಕ ಮಾಡೋರಿಗೆ ಮೂರನೇ ಒಂದು ಪಾಲು ಕಟ್ಟಿಗಿ ಬಿಟ್ಟಿ ಉಳಿತೈತಿ.

ಬಾಯ್ಲರ್_ಶಕ್ತಿನಗರ

ಅಕ್ಕಾರ ಲೆಕ್ಕ ಸರಿ: 40 ಡಿಗ್ರಿ ಏರಿಸುವ ಬದಲು 27.

ಜಾಗ ಇರುವಾಗಲೇ ಇನ್ನೊಂದು. ಹೊಗೆಪೈಪ್ ಇರುವ ಕಡೆ ಬಿಸಿಗಾಳಿ ಅಡ್ಡದಾರಿ ಹಿಡಿಯುತ್ತದೆ, ಪೈಪಿನ ಎದುರು ಬದಿಗೆ ಹಂಡೆ ತಣ್ಣಗೇ ಉಳಿಯುತ್ತದೆ. ಎರಡೂ ಬದಿ ಸಮ ಸಂದಿ ಇಟ್ಟರೆ ಹೀಗಾಗುವುದು. ಪೈಪಿನ ಬದಿಗೆ ಮೂರು ನೂಲು, ಎದುರು ಬದಿಗೆ ಐದು ನೂಲು ಇಡಿ. ಹಂಡೆಯನ್ನು ಒಂದು ನೂಲು ಪೈಪಿನ ಕಡೆ ಸರಿಸಿದರೆ ತಾನೇ ಬರುತ್ತದೆ. ಸರಿಯಾಯಿತೋ ಇಲ್ಲವೋ ಮಸಿಯೇ ಹೇಳುತ್ತದೆ: ಒಂದು ವಾರ ಉರಿಸಿ ಹಂಡೆ ಎತ್ತಿ ನೋಡಿ, ಒಂದೇ ಬದಿಗೆ ಉರಿಯ ಗುರುತಿದ್ದರೆ ಇನ್ನಷ್ಟು ಸರಿಸಿ.

ಈ ಬಗೆಯ ಒಲೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಅಡುಗೆಗೆ ಮಾಡಿದ ಅಸ್ತ್ರ ಒಲೆಯ ತತ್ವವೂ ಇದೇ: ಜಾಳಿಗೆ, ಮುಚ್ಚಿದ ಬಾಯಿ, ಪಾತ್ರೆಗೆ ತಾಗಿ ಹೋಗುವ ಕಿರಿದಾದ ದಾರಿ. 1983ರಿಂದ ಸರ್ಕಾರದ ಕಾರ್ಯಕ್ರಮದಲ್ಲಿ ಸುಧಾರಿತ ಒಲೆಗಳು ಊರೂರಿಗೆ ಬಂದವು. ಎಷ್ಟೋ ಕಡೆ ಕೆಟ್ಟದ್ದು ತತ್ವದಿಂದಲ್ಲ. ದಪ್ಪ ಕಟ್ಟಿಗೆ ಹೋಗಲಿ ಎಂದು ಬಾಯಿ ಒಡೆದು ದೊಡ್ಡದು ಮಾಡಿದರು, ಪೈಪಿನ ಮಸಿ ತೆಗೆಯಲಿಲ್ಲ.

ಬಚ್ಚಲಮನಿ_ಕುಷ್ಟಗಿ

ಇಷ್ಟು ಬರಕೊಂಡೀನ್ರಿ, ತಪ್ಪಿದ್ರ ತಿದ್ರಿ. ಹೊರಗಿನ ಸೈಜುಗಲ್ಲು ಹಂಗ ಬಿಡೋದು. ಒಳಗ ಬಾಯಿ 5 × 5, ಕೆಳಗ ಗಾಳಿ ಬಾಗಿಲು 5 × 3, ಬೂದಿ ಗುಂಡಿ 4 ಇಂಚು. ಜಾಳಿಗಿಯಿಂದ ಹಂಡೆ ತಳಕ್ಕ 6 ಇಂಚು. ಗಂಟಲಿಗೆ ಸೀಳಿದ ಬೆಂಕಿ ಇಟ್ಟಿಗಿ, ಹಿಂದ 4 ಇಂಚು ಬೂದಿ. ಸಂದಿ ತಳಕ್ಕ 1 ಇಂಚು, ಹೊಟ್ಟಿಗೆ ಮೂರರಿಂದ ಐದು ನೂಲು. ಹೊಗಿ ತೂತು ಹಿಂದಿನ ಗ್ವಾಡ್ಯಾಗ ಹಂಡೆ ತಳದ ಮಟ್ಟಕ್ಕ, 5 ಇಂಚಿನ ಪೈಪ್.

ಗಾರೆಕೆಲಸ_ಸಿಂಧನೂರು

ಎರಡು ತಪ್ಪು ಅದಾವು ಅಣ್ಣಾರ. ಹೊಗಿ ತೂತು ತಳದ ಮಟ್ಟಕ್ಕ ಬ್ಯಾಡ, ಉರಿ ಹಂಡೆ ಏರೋ ಮೊದ್ಲ ಪೈಪಿಗೆ ಹೋಕ್ಕೈತಿ. ಹೊಟ್ಟಿಗಿಂತ ಮ್ಯಾಲೆ, ಬಳಿ ಕೆಳಗ ಹಂಡೆ ಕಿರಿದಾಗಿ ಜಾಗ ಬಿಡತೈತಲ್ಲ, ಅಲ್ಲಿಂದ ಪೈಪ್ ತಗೀರಿ. ಅದ ಜಾಗ ಸುತ್ತಲಿನ ಗಾಳಿ ಕೂಡಿಸಿ ಕೊಡತೈತಿ.

ಇನ್ನೊಂದು, ಜಾಳಿಗಿಯಿಂದ ತಳಕ್ಕ 6 ಇಂಚು ಸಾಲಂಗಿಲ್ಲ, 10 ಇಡ್ರಿ. ಉರಿ ಪೂರಾ ಉರಿಯೋ ಮೊದ್ಲ ತಣ್ಣನ ತಾಮ್ರಕ್ಕ ಬಡಿದ್ರ ಅಲ್ಲೇ ಸತ್ತು ಮಸಿ ಆಕ್ಕೈತಿ. ಹಂಡೆ 4 ಇಂಚು ಮ್ಯಾಲೆ ಬರತೈತಿ, ನೀರು ತೋಡಾಕ ಎತ್ತರ ಆಕ್ಕೈತಿ ಅನಸಿದ್ರ ಬೂದಿ ಗುಂಡಿನ ನೆಲದಾಗ ಅಷ್ಟು ಇಳಸ್ರಿ, ಹಿತ್ತಲ ನೀರು ಒಳಗ ಹರಿಯದಂಗ ಮುಂದ ಒಂದು ಸಣ್ಣ ಒಡ್ಡು ಹಾಕ್ರಿ.

ಕಟ್ಟಿದ ಮ್ಯಾಲೆ 12–15 ದಿನ ನೆರಳಾಗ ಒಣಗಲಿ. ಆಮ್ಯಾಲೆ ಮೂರು ದಿನ ಹಂಡೆಗೆ ನೀರು ತುಂಬಿ ಬರೀ ತೊಗರಿ ಕಟ್ಟಿಗಿಲೆ ಸಣ್ಣ ಉರಿ, ದಿನಕ್ಕ ಅರ್ಧ ತಾಸು. ಸಣ್ಣ ಬಿರುಕು ಬರತಾವು, ಹೆದರಬ್ಯಾಡ್ರಿ, ಅದ ಮಣ್ಣು ನೀರು ಮಾಡಿ ಬಟ್ಟಿಲೆ ತಿಕ್ರಿ. ನಾಲ್ಕನೇ ದಿನ ಜಾಲಿ ಹಾಕ್ರಿ.

ಬಾಯ್ಲರ್_ಶಕ್ತಿನಗರ

ಬಚ್ಚಲಿಗೆ ಮೇಲೊಂದು ಕೆಳಗೊಂದು ಗಾಳಿಕಿಂಡಿ ಮುಚ್ಚದೆ ಬಿಡಿ, ಪೈಪ್ ಹಾಕಿದ ಮೇಲೂ. ಹೊಗೆ ಕಾಣದ ಕೆಂಡದಲ್ಲೇ ಕಾರ್ಬನ್ ಮೊನಾಕ್ಸೈಡ್ ಹೆಚ್ಚು, ಅದಕ್ಕೆ ವಾಸನೆ ಇಲ್ಲ. ಮೊದಲ ದಿನ ಜಾಲಿ ಹಾಕುವಾಗ ಕಟ್ಟಿಗೆ ತೂಗಿ, ನೀರಿನ ಉಷ್ಣತೆ ಮೊದಲು ಮತ್ತು ಕೊನೆಗೆ ಅಳೆದು ಇಲ್ಲಿ ಬರೆಯಿರಿ. 3 ಕೆಜಿಗಿಂತ ಹೆಚ್ಚು ಹೋದರೆ ಸಂದಿಯನ್ನು ಮತ್ತೆ ನೋಡೋಣ.

ಬಚ್ಚಲಮನಿ_ಕುಷ್ಟಗಿ

ಆತ್ರಿ ಸರ್. ಬಳಿಗೆ ತಗಡು 2 ಮಿಲಿದು ಅಂದ್ರಿ ಅಕ್ಕಾರ, ಮೂರು ಮಿಲಿ ತುಂಡು ಮನ್ಯಾಗ ಐತಿ, ನಡಿತೈತಾ?

ಅಡಿಗಿಮನಿ_ಯಲಬುರ್ಗಾ

ನಡಿತೈತ್ರಿ, ಎತ್ತಾಕ ಎರಡು ಕಿವಿ ಮಾತ್ರ ವೆಲ್ಡ್ ಮಾಡಿಸ್ರಿ.